ಮದ್ದಿನ ಊರಿನ ಬೀಗರು

ನಮ್ಮ ಬೀಗರು ಸತ್ತವರ ಕಣ್ಣನ್ನೂ ತೆರೆಸಬಲ್ಲವರು. ಮಂತ್ರವಾದಿಗಳೇ ಎಂದು ಕೇಳಬೇಡಿ, ಫೋಟೋ ಸ್ಟುಡಿಯೋದವರು! ತಿಪಟೂರಿನಲ್ಲಿ ನಲವತ್ತು ವರ್ಷ ಸ್ಟುಡಿಯೋ ನಡೆಸಿದವರು. ಒಂದು ಕೈಯಲ್ಲಿ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲು, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದು ಅವರು ಕೂತರೆಂದರೆ ಮುಗಿಯಿತು, ಫೋಟೋದಲ್ಲಿ ರೆಪ್ಪೆ ಮುಚ್ಚಿದವರೆಲ್ಲ ಕಣ್ಣು ಬಿಡಲೇಬೇಕು. ಫ್ಲ್ಯಾಶಿಗೆ ಹೆದರಿದ ಸೋದರತ್ತೆ, ಹೋಮದ ಹೊಗೆಯಲ್ಲಿ ತೂಕಡಿಸುತ್ತಿದ್ದ ಪುರೋಹಿತರು, ಕೊನೆಯದೊಂದು ಫೋಟೋ ಇರಲಿ ಎಂದು ಕುರ್ಚಿಯಲ್ಲಿ ಕೂರಿಸಿದ ಹೆಣ, ಎಲ್ಲರಿಗೂ ಒಂದೇ ನ್ಯಾಯ.

ಆ ನ್ಯಾಯ ನನಗೂ ಆಗಿದೆ. ನಾನಿನ್ನೂ ಸತ್ತಿಲ್ಲ ಎನ್ನುವುದಷ್ಟೇ ವ್ಯತ್ಯಾಸ! ನನ್ನ ಮಗಳನ್ನು ಅವರ ಮಗನಿಗೆ ಧಾರೆ ಎರೆದು ಕೊಡುವಾಗ ನನ್ನ ಕಣ್ಣು ತುಂಬಿ ಬಂದು ತಾನಾಗಿ ಮುಚ್ಚಿಕೊಂಡಿತ್ತು. ಫೋಟೋ ತೆಗೆದವನು ಅವರ ಶಿಷ್ಯ, ಟಚಪ್ ಮಾಡಿದವರು ಸಾಕ್ಷಾತ್ ಬೀಗರು. ಆಲ್ಬಂ ಬಂದ ದಿನ ನೋಡುತ್ತೇನೆ, ಕೈಯಲ್ಲಿ ಧಾರೆಯ ತಂಬಿಗೆ, ಮುಖದಲ್ಲಿ ಗೂಬೆಯಂಥ ಎರಡು ಕಣ್ಣು! ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದವನು ನಾನು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನ ಕಣ್ಣು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಕನ್ಯಾದಾನದ ಫೋಟೋದಲ್ಲಿ ನನಗೆ ಇರುವುದು ಅದೇ ಕಣ್ಣು.

"ಹೆಂಗೈತೆ ಬೀಗರೇ?" ಎಂದು ಕೇಳಿದರು.

ಹೆಣ್ಣಿನ ತಂದೆ ಏನು ಹೇಳಿಯಾನು? "ಬಹಳ ಚೆನ್ನಾಗಿದೆ ಬೀಗರೇ" ಎಂದೆ. ಆದರೆ ಹೊಟ್ಟೆಯೊಳಗೆ ಒಂದು ಕಿಡಿ ಉಳಿಯಿತು. ಆ ಕಿಡಿ ಹತ್ತು ವರ್ಷ ಆರದೆ ಇದ್ದು, ಐರ್ಲೆಂಡಿಗೆ ಹೋಗಿ ಹೊತ್ತಿಕೊಂಡಿತು. ಅದನ್ನು ಹೇಳಿಕೊಂಡು ಹಗುರಾಗೋಣವೆಂದೇ ಈಗ ಬರೆಯಲು ಕೂತಿದ್ದೇನೆ.

ಕಾರ್ಕ್ ನಗರದ ಹೊರಗೆ, ಹೊಳೆಯ ದಂಡೆಯ ಮೇಲಿನ ಒಂದು ಹಳೆಯ ಊರು. ಹೆಸರು ಬರೆಯುವುದಿಲ್ಲ, ನಾನು ಅಲ್ಲಿ ಮಾಡಿದ್ದು ಹೆಸರು ಬರೆಯುವಂಥ ಕೆಲಸವಲ್ಲ. ಮಗಳು ಆಸ್ಪತ್ರೆಯಲ್ಲಿ ಡಾಕ್ಟರು, ಅಳಿಯ ಸಾಫ್ಟ್‌ವೇರು. ಮೊಮ್ಮಗಳ ಹುಟ್ಟುಹಬ್ಬ ಮುಗಿಸಿಕೊಂಡು ಮೂರು ತಿಂಗಳಿದ್ದು ಬರೋಣವೆಂದು ನಾನೂ ಹೋದೆ, ಬೀಗರೂ ಬಂದರು. ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು, ಆದ್ದರಿಂದ ಇಬ್ಬರಿಗೂ ಸೇರಿ ಒಂದೇ ಕೋಣೆ, ಎರಡು ಮಂಚ. ಮೂರು ವಾರ ಕಳೆಯಿತೋ ಇಲ್ಲವೋ, ಲೋಕಕ್ಕೆ ಲೋಕವೇ ಬಾಗಿಲು ಹಾಕಿಕೊಂಡಿತು. ವಿಮಾನವಿಲ್ಲ, ಬಸ್ಸಿಲ್ಲ, ಹೊಸಿಲು ದಾಟಿದರೆ ಮಾಸ್ಕು! ಬೀಗರ ಔತಣ ಎಂದರೆ ನಮ್ಮಲ್ಲಿ ಒಂದು ಹೊತ್ತಿನದು, ಹೆಚ್ಚೆಂದರೆ ಎರಡು ಹೊತ್ತಿನದು. ಬೀಗರ ಜೊತೆ ಒಂದೂವರೆ ವರ್ಷ ಒಂದೇ ಕೋಣೆಯಲ್ಲಿ ಮಲಗಿದ ಹೆಣ್ಣಿನ ತಂದೆ ಕರ್ನಾಟಕದ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಗಂಡಿನ ಕಡೆಯವರು ಗೊರಕೆ ಹೊಡೆದರೂ ನಾವು "ಶ್ರುತಿ ಚೆನ್ನಾಗಿದೆ" ಅನ್ನಬೇಕು ತಾನೆ?

ಬೀಗರ ಸ್ವಭಾವ ಒಂದು ಮಾತಿನಲ್ಲಿ ಹೇಳುತ್ತೇನೆ. ನಾಲ್ಕು ಜನ ಒಟ್ಟಿಗೆ ನಿಂತರೆ ಅವರಿಗೆ ಅದು ಜನ ಅಲ್ಲ, ಗ್ರೂಪ್ ಫೋಟೋ! ಒಮ್ಮೆ ಇಬ್ಬರೂ ಹಾಲು ತರಲು ಅಂಗಡಿಗೆ ಹೋದೆವು. ಹೊರಗೆ ಎರಡೆರಡು ಮೀಟರ್ ದೂರದಲ್ಲಿ ಜನ ಸಾಲಾಗಿ ನಿಂತಿದ್ದರು. ಬೀಗರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರ ಮುಖದಲ್ಲಿ ಸಂಕಟ ಕಾಣಿಸಿತು. ಎತ್ತರದ ಮನುಷ್ಯನೊಬ್ಬ ಮುಂದೆ, ಗಿಡ್ಡ ಹೆಂಗಸೊಬ್ಬಳು ಅವನ ಹಿಂದೆ! ಬೀಗರು ಕೈಬೀಸಿದರು. "ಯೂ, ಬ್ಯಾಕ್. ಮೇಡಂ, ಫ್ರಂಟ್. ಚಿನ್ ಅಪ್." ಮಾಸ್ಕಿನ ಒಳಗೆ ಯಾರ ಚಿನ್ನು ಯಾರಿಗೆ ಕಾಣುತ್ತದೆ? ಆದರೂ ಆ ಐರಿಷ್ ಜನ, ಇವರು ಅಂಗಡಿಯವರೇ ಇರಬೇಕು ಎಂದುಕೊಂಡು, ಎತ್ತರದ ಪ್ರಕಾರ ನಿಂತುಬಿಟ್ಟರು! "ಯೂ ಆರ್ ಗ್ರ್ಯಾಂಡ್" ಎಂದು ಬೇರೆ ಹೇಳಿದರು. ಅಲ್ಲಿ ಅದಕ್ಕೆ "ಪರವಾಗಿಲ್ಲ ಬಿಡಿ" ಎಂದಷ್ಟೇ ಅರ್ಥ. ನಮ್ಮಲ್ಲಿ ಗ್ರ್ಯಾಂಡ್ ಅಂದರೆ ಮೂರು ಥರ ಸಿಹಿ ಹಾಕಿದ ಮದುವೆ. ಬೀಗರು ಮನೆಗೆ ಬರುವವರೆಗೂ ಎದೆ ಉಬ್ಬಿಸಿಕೊಂಡೇ ನಡೆದರು.

"ನೋಡಿದ್ರಾ ಬೀಗರೇ, ಈ ಊರಾಗೆ ಎಲ್ರೂ ನನ್ನ ಗ್ರ್ಯಾಂಡ್ ಅಂತಾರೆ. ನಿಮ್ಮನ್ನ ಯಾರಾದ್ರೂ ಅಂದ್ರಾ?"

ಅಂದಿರಲಿಲ್ಲ. ಕಿಡಿಗೆ ಗಾಳಿ ಬೀಸಿದಂತಾಯಿತು.

ಇನ್ನು ನನ್ನ ಪಾಪದ ಕಥೆ. ಹೊಳೆಯ ಪಕ್ಕದಲ್ಲಿ ಒಂದು ದೊಡ್ಡ ಪಾರ್ಕು. ಅದರ ತುಂಬ ಮುರಿದ ಕಲ್ಲಿನ ಗೋಡೆಗಳು, ಪಾಚಿಗಟ್ಟಿದ ಕಾಲುವೆಗಳು, ಆಳೆತ್ತರದ ಬೀಸುಕಲ್ಲುಗಳು. ಊರಿನವರು ಅದನ್ನು "ಪೌಡರ್ ಮಿಲ್ಸ್" ಅನ್ನುತ್ತಾರೆ. ಮನೆಯಿಂದ ಹೆಚ್ಚು ದೂರ ಹೋಗುವಂತಿಲ್ಲವಾದ್ದರಿಂದ ದಿನಾ ಸಂಜೆ ನಮ್ಮ ವಾಕಿಂಗ್ ಅಲ್ಲೇ. ಬೀಗರಿಗೆ ಇಂಗ್ಲಿಷ್ ಓದು ಅಷ್ಟಕ್ಕಷ್ಟೇ. ನನ್ನದು ಎಸ್ಸೆಸ್ಸೆಲ್ಸಿ, ಜೊತೆಗೆ ಬಸ್ಸಿನಲ್ಲಿ ಕಲಿತದ್ದು. ಆ ಮನೆಯ ಮುದುಕರಲ್ಲಿ ಇಂಗ್ಲಿಷ್ ಪಂಡಿತ ನಾನೇ! ಒಂದು ದಿನ ಬೀಗರು ಬೀಸುಕಲ್ಲಿನ ಮೇಲೆ ಕೈಯಾಡಿಸುತ್ತ ಕೇಳಿದರು:

"ಇದ್ರಾಗೆ ಏನು ಅರೀತಿದ್ರು ಬೀಗರೇ? ಏನು ಪೌಡರ್ರು?"

ಅದು ಬಂದೂಕು ಫಿರಂಗಿಗಳಿಗೆ ಹಾಕುವ ಮದ್ದು ಎಂದು ಅಳಿಯ ನನಗೆ ಹೇಳಿದ್ದ. ನಾನು "ಮದ್ದು ಬೀಗರೇ" ಎಂದೆ. ಇದರಲ್ಲಿ ಸುಳ್ಳೇನಿದೆ, ನೀವೇ ಹೇಳಿ!

ಬೀಗರ ಮುಖ ಅರಳಿತು. "ಓಹೋ! ಔಷಧಿ!"

ಆಗ ನಾನು ಮಾಡಬೇಕಾದದ್ದು ಇಷ್ಟೇ: "ಅಲ್ಲ" ಅನ್ನಬೇಕಿತ್ತು. ಎರಡಕ್ಷರ. ಆದರೆ ಆ ಆಲ್ಬಮ್ಮಿನ ಗೂಬೆಗಣ್ಣು ಎದುರಿಗೆ ಬಂದು ನಿಂತಿತು. ನಾನು ತಲೆ ಆಡಿಸಿದೆ. ನಮ್ಮವರ ತಲೆಯಾಟ ನಿಮಗೆ ಗೊತ್ತಲ್ಲ, ಹೌದು ಅಂದುಕೊಂಡವರಿಗೆ ಹೌದು, ಅಲ್ಲ ಅಂದುಕೊಂಡವರಿಗೆ ಅಲ್ಲ. ಕೋರ್ಟಿನಲ್ಲಿ ನಿಲ್ಲಿಸಿದರೂ ನನ್ನ ಮೇಲೆ ಅಪರಾಧ ಸಾಬೀತಾಗುವುದಿಲ್ಲ. ಸುಳ್ಳು ಹೇಳಿದ್ದು ನಾನಲ್ಲ, ಕನ್ನಡ!

ಹೀಗೆ ನನ್ನನ್ನು ನಾನೇ ಖುಲಾಸೆ ಮಾಡಿಕೊಂಡು ಎರಡು ದಿನ ಕಂಬಳಿಯೊಳಗೆ ನಕ್ಕೆ. ಮೂರನೆಯ ದಿನ ಸತ್ಯ ಹೇಳಿ ಇಬ್ಬರೂ ನಗೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯ ಬಿಸ್ಕತ್ ಡಬ್ಬ ಬಂತು.

ಅಜ್ಜಿ ಎಂದರೆ ನನಗೂ ಅಜ್ಜಿಯೇ, ಎಂಬತ್ತೇಳರ ಮುದುಕಿ. ಒಂಟಿ ಜೀವ. ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಡಬ್ಬದ ತುಂಬ ಹಳೆಯ ಫೋಟೋಗಳು ಸಿಕ್ಕಿದ್ದವು. ಆ ಊರಿನವೇ, ಆಕೆಯ ತಾತನ ಕಾಲದವು. ನೀರಿಳಿದು ಕಲೆ ಬಿದ್ದಿದ್ದವು. ನಮ್ಮಲ್ಲೊಬ್ಬರು ಫೋಟೋ ಟಚಪ್ಪಿನವರಿದ್ದಾರೆ ಎಂದು ಅಳಿಯ ಬೇಲಿಯ ಮೇಲಿಂದ ಹೇಳಿದ್ದೇ ತಡ, ಆಕೆ ಡಬ್ಬವನ್ನು ನಮ್ಮಿಬ್ಬರ ಮನೆಯ ನಡುವಿನ ಗೋಡೆಯ ಮೇಲಿಟ್ಟು, ಎರಡು ಮೀಟರ್ ಹಿಂದೆ ಸರಿದು, ದೇವರಿಗೆ ಹಣ್ಣುಕಾಯಿ ಕೊಟ್ಟವಳಂತೆ ಕೈಕಟ್ಟಿ ನಿಂತಳು.

ಅಂದಿನಿಂದ ಬೀಗರು ನಮ್ಮ ಪಾಲಿಗೆ ಇಲ್ಲ! ಅಳಿಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ತೆಗೆದುಕೊಟ್ಟ. ಬೀಗರು ಕಿಟಕಿಯ ಬಳಿ ಮೇಜು ಹಾಕಿಸಿಕೊಂಡು, ಮೊಮ್ಮಗಳ ಬಣ್ಣದ ಡಬ್ಬಿ ವಶಪಡಿಸಿಕೊಂಡು, ನೂರಿಪ್ಪತ್ತು ವರ್ಷ ಹಿಂದಿನ ಊರಿಗೆ ಹೊರಟುಹೋದರು. ಊಟಕ್ಕೆ ಕರೆದರೆ ಅಲ್ಲಿಂದ ವಾಪಸ್ ಬರಲು ಕಾಲು ಗಂಟೆ ಬೇಕು.

ಹೊಳೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಮೂವರು ಹೆಂಗಸರ ಒಂದು ಫೋಟೋ. "ನೋಡಿ ಬೀಗರೇ, ಈ ಎಡಗಡೆಯವ್ಳಿಗೂ ಬಲಗಡೆಯವ್ಳಿಗೂ ಮಾತಿಲ್ಲ. ನಡುವಿನವ್ಳು ಇಬ್ರ ಚಾಡಿನೂ ಕೇಳ್ತಾಳೆ, ಭಾಳ ಚಾಲಾಕು." ಪೇಟೆ ಬೀದಿಯ ಮಧ್ಯೆ ಹಸುವೊಂದು ನಿಂತ ಇನ್ನೊಂದು ಫೋಟೋದಲ್ಲಿ ಮನುಷ್ಯರೆಲ್ಲ ಹೊಗೆಯ ಹಾಗೆ, ಹಸು ಮಾತ್ರ ಕೊಂಬಿನ ಗೆರೆ ಸಮೇತ ಸ್ಪಷ್ಟ. "ಆಗಿನ ಕ್ಯಾಮೆರಾ ಬೀಗರೇ, ಅಲ್ಲಾಡಿದ್ರೆ ಕೆಟ್ಟೋಯ್ತು. ಇಡೀ ಊರಾಗೆ ಹೇಳಿದ ಮಾತು ಕೇಳಿದ್ದು ಹಸು ಒಂದೇ!" ಬರಿಗಾಲಿನ ಶಾಲೆಯ ಮಕ್ಕಳ ಸಾಲಿನಲ್ಲಿ ಯಾರು ಮಗ್ಗಿ ಬಾರದೆ ಹೊಡೆತ ತಿಂದವನು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಆ ಊರಿನ ಸತ್ತವರೆಲ್ಲ ಪರಿಚಯ, ಬದುಕಿದ್ದವರು ಯಾರೂ ಪರಿಚಯವಿಲ್ಲ!

ಒಂದು ಎಡವಟ್ಟೂ ಆಯಿತು. ಅಂಗಡಿಯೊಂದರ ಮುಂದೆ ಮೀಸೆಯ ಯಜಮಾನ ಏಪ್ರನ್ ಕಟ್ಟಿ ನಿಂತ ಫೋಟೋ. ಮೇಲೆ ಸಾಲಾಗಿ ಏನೋ ದಪ್ಪದಪ್ಪಗೆ ತೂಗುಹಾಕಿದ್ದರು, ಅದರ ಮೇಲೇ ಕಲೆ ಬಿದ್ದಿತ್ತು. ಬೀಗರು ಮೊಟ್ಟೆಯನ್ನೂ ಮುಟ್ಟದವರು. ನಾಲ್ಕು ದಿನ ಕೂತು, ಒಂದೊಂದೇ ಮುಳ್ಳು ಬರೆದು, ಅವನ್ನೆಲ್ಲ ಹಲಸಿನಕಾಯಿ ಮಾಡಿದರು! ಅದು ಅಜ್ಜಿಯ ದೊಡ್ಡಪ್ಪನ ಮಾಂಸದಂಗಡಿ. ತೂಗುತ್ತಿದ್ದದ್ದು ಹಂದಿಯ ತೊಡೆ. ಗೋಡೆಯಾಚೆ ಅಜ್ಜಿ ಫೋಟೋ ಹಿಡಿದುಕೊಂಡು ಬಹಳ ಹೊತ್ತು ನೋಡಿ, ತನ್ನ ದೊಡ್ಡಪ್ಪ ಮುಳ್ಳುಹಂದಿ ಮಾರುತ್ತಿದ್ದದ್ದು ತನಗೆ ಗೊತ್ತೇ ಇರಲಿಲ್ಲ ಎಂದಳು. ನಾನು ಅನುವಾದ ಮಾಡಿದ್ದು: "ಬಹಳ ಚೆನ್ನಾಗಿದೆ ಅಂತಿದ್ದಾರೆ ಬೀಗರೇ."

ಆದರೆ ಬೀಗರ ಪಂಚಪ್ರಾಣ ಇದ್ದದ್ದು ಮಿಲ್ಲಿನ ಕೆಲಸಗಾರರ ಒಂದು ಗ್ರೂಪ್ ಫೋಟೋದಲ್ಲಿ. ಹದಿನಾಲ್ಕು ಗಂಡಸರು, ಹಿಂದೆ ಮರದ ಪೀಪಾಯಿಗಳು. ಒಂದು ದಿನ ಬೀಗರು ಭೂತಗನ್ನಡಿಯಿಂದ ತಲೆಯೆತ್ತಿ, "ಬೀಗರೇ, ಬನ್ನಿ ಇಲ್ಲಿ! ಯಾರ ಅಂಗಿಗೂ ಜೇಬಿಲ್ಲ!" ಎಂದು ಕೂಗಿದರು.

ಅಳಿಯ ಹೇಳಿದ್ದ: ಮದ್ದಿನ ಮಿಲ್ಲಿಗೆ ಹೋಗುವವರ ಬಟ್ಟೆಗೆ ಜೇಬು ಇರುವುದಿಲ್ಲ. ಬೆಂಕಿಕಡ್ಡಿಯೋ ಮೊಳೆಯೋ ಒಂದು ಒಳಗೆ ಹೋಗಿ ಕಿಡಿ ಹಾರಿದರೆ ಗೋಡೆಯೂ ಉಳಿಯುವುದಿಲ್ಲ.

"ಯಾಕೆ ಹೇಳಿ? ಔಷಧಿ ಕದೀಬಾರ್ದು ಅಂತ!" ಎಂದರು ಬೀಗರು. "ಕಬ್ಬಿಣದ ಸಾಮಾನೂ ಒಂದಿಲ್ಲ ನೋಡಿ. ಎಲ್ಲಾ ಮರ, ತಾಮ್ರ. ನಮ್ಮ ಪಂಡಿತರೂ ಹಂಗೇ, ಕಬ್ಬಿಣ ಸೋಕಿದ್ರೆ ಮದ್ದಿನ ಗುಣ ಹೋಯ್ತದೆ. ಏನು ಶುದ್ಧ, ಏನು ಮಡಿ!"

ಆ ಪೌಡರಿಗೆ ಇದ್ದಿಲು ಬೆರೆಸುತ್ತಿದ್ದರು ಎಂದು ಅಜ್ಜಿಯೊಮ್ಮೆ ಹೇಳಿದಳು. ಬೀಗರು ತೊಡೆ ತಟ್ಟಿದರು. "ಹೊಟ್ಟೆಗೆ ಇದ್ದಿಲು ಒಳ್ಳೇದಲ್ವಾ!" ಗಂಧಕ ಎಂದಳು. "ಕಜ್ಜಿಗೆ!" ನಾನು ಹೇಳಿದ ಅರೆಪಾವು ಸುಳ್ಳಿಗೆ ಊರಿಗೆ ಊರೇ ಸಾಕ್ಷಿ ಹೇಳುತ್ತಿತ್ತು! ರಾತ್ರಿಯೂಟದಲ್ಲಿ ಅಳಿಯನೂ "ಮದ್ದು" ಅನ್ನುತ್ತಿದ್ದ, ಬೀಗರೂ "ಮದ್ದು" ಅನ್ನುತ್ತಿದ್ದರು. ಅಪ್ಪ ಮಗ ಒಬ್ಬರ ಮಾತಿಗೊಬ್ಬರು ತಲೆದೂಗುತ್ತ, ಒಬ್ಬರು ಕಷಾಯ, ಇನ್ನೊಬ್ಬ ಫಿರಂಗಿ ನೆನೆಯುತ್ತ ಸಾರನ್ನ ಉಣ್ಣುತ್ತಿದ್ದರು. ನಡುವೆ ಕೂತ ನನಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ.

ಆ ಗ್ರೂಪ್ ಫೋಟೋದಲ್ಲಿ ಒಬ್ಬನ ಮುಖ ಅಳಿಸಿಹೋಗಿತ್ತು. ಮೂರನೆಯವನು. ಅಲುಗಾಡಿ ಕಲಸಿಹೋದ ಮುಖ, ಮೇಲೆ ನೀರಿನ ಕಲೆ ಬೇರೆ. ಅದು ಅಜ್ಜಿಯ ತಾತನಂತೆ. ಅಜ್ಜಿ ಅವರ ಮುಖ ಕಂಡವಳಲ್ಲ. ಬೇರೆ ಫೋಟೋವೂ ಇರಲಿಲ್ಲ. ಬೀಗರು ಅದನ್ನು ತಿಂಗಳುಗಟ್ಟಲೆ ಮುಟ್ಟಲಿಲ್ಲ. ಅದೇ ಸಮಯಕ್ಕೆ ಅವರಿಗೆ ಹೊಸದೊಂದು ಹುಚ್ಚು ಹಿಡಿಯಿತು. ಅಜ್ಜಿ ಹಿತ್ತಲಿಗೆ ಬಂದರೆ ಸಾಕು, ಗೋಡೆಯ ಬಳಿ ನಿಂತು ಆಕೆಯ ಮುಖವನ್ನೇ ನೋಡುವುದು! ಎಡದಿಂದ, ಬಲದಿಂದ, ಬಿಸಿಲಿನಲ್ಲಿ, ಮೋಡದಲ್ಲಿ. ನಾನು ಅಳಿಯನನ್ನು ಪಕ್ಕಕ್ಕೆ ಕರೆದು, "ನಿಮ್ಮಪ್ಪಾಜಿಗೆ ಈ ವಯಸ್ಸಲ್ಲಿ ಏನೋ ಶುರುವಾಗಿದೆ ಕಣಪ್ಪ" ಎಂದು ಚಾಡಿಯನ್ನೂ ಹೇಳಿದೆ. ಲೆಕ್ಕಕ್ಕೆ ಅದೂ ಸೇರಲಿ.

ಮರುವರ್ಷದ ವಸಂತದಲ್ಲಿ ಅಜ್ಜಿ ಗೋಡೆಯಾಚೆಯಿಂದ ಒಂದು ಸುದ್ದಿ ತಂದಳು. ಊರಿನ ಹಳೆಯ ಸಂಗತಿಗಳಲ್ಲಿ ಆಸಕ್ತಿಯಿರುವ ಹಿರಿಯರದೊಂದು ಕೂಟವಿತ್ತು, ಅವರೆಲ್ಲ ಈಗ ಝೂಮಿನಲ್ಲಿ ಸೇರುತ್ತಿದ್ದರು. ಬೀಗರು ಅಲ್ಲಿ ಈ ಫೋಟೋಗಳನ್ನು ತೋರಿಸಿ ಮಾತಾಡಬೇಕು. ಕನ್ನಡದಲ್ಲೇ ಮಾತಾಡಲಿ. ಇಂಗ್ಲಿಷಿಗೆ ಹೇಳುವವರು? ಬೀಗರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು.

ಆ ಊರಿನಲ್ಲೇ ಹುಟ್ಟಿ ಬೆಳೆದ ನಲವತ್ತು ಜನರ ಮುಂದೆ ನಮ್ಮ ಬೀಗರು ಕೂತು, ನಿಮ್ಮೂರಿನ ಮದ್ದಿನ ಮಿಲ್ಲಿನಲ್ಲಿ ಕೆಮ್ಮಿಗೆ ಲೇಹ್ಯ ಮಾಡುತ್ತಿದ್ದರು ಎಂದು ಹೇಳಲಿದ್ದಾರೆ! ಎಪ್ಪತ್ತೈದರ ಮನುಷ್ಯ. ವರ್ಷವಿಡೀ ಕಣ್ಣು ಹಾಳುಮಾಡಿಕೊಂಡು ಮಾಡಿದ ಕೆಲಸ. ಪರದೇಶದಲ್ಲಿ ಮೊದಲನೇ ಸಲ ಯಾರೋ ಕರೆದು ಮರ್ಯಾದೆ ಮಾಡುತ್ತಿದ್ದಾರೆ, ಆ ಮರ್ಯಾದೆಯ ಕೆಳಗೆ ಮದ್ದು ಹೂತಿಟ್ಟವನು ನಾನು.

ಹೇಳಿಬಿಡಬೇಕೆಂದು ಮೂರು ಸಲ ಹೊರಟೆ. ಮೊದಲ ಸಲ ಬೀಗರು ಮುಖಕ್ಷೌರ ಮಾಡಿಕೊಳ್ಳುತ್ತಿದ್ದರು. ಕೆನ್ನೆಯ ಮೇಲೆ ಬ್ಲೇಡಿರುವ ಮನುಷ್ಯನಿಗೆ ಆಘಾತದ ಸುದ್ದಿ ಹೇಳಬಾರದು ಎಂದು ಹಿಂದೆ ಸರಿದೆ. ಎರಡನೇ ಸಲ ದೇವರ ಪಟಕ್ಕೆ ಕೈಮುಗಿಯುತ್ತಿದ್ದರು. ಮೂರನೇ ಸಲ ಬಾಯೇ ತೆರೆದೆ.

"ಬೀಗರೇ, ಆ ಮದ್ದಿನ ವಿಷಯ..."

"ಅದನ್ನೇ ಅಂದ್ಕೊಂತಿದ್ದೆ ಬೀಗರೇ! ನೀವು ಹೇಳ್ದೆ ಹೋಗಿದ್ರೆ ಇದೆಲ್ಲಾ ನಂಗೆಲ್ಲಿ ತಿಳೀತಿತ್ತು? ಭಾಷಣದಾಗೆ ಮೊದ್ಲು ನಿಮ್ಮ ಹೆಸ್ರೇ ಹೇಳ್ತೀನಿ."



ಆ ದಿನ ಬಂದೇ ಬಂತು. ಬೀಗರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಕೋಟು ಹಾಕಿ ಲ್ಯಾಪ್‌ಟಾಪಿನ ಮುಂದೆ ಕೂತರು. ಪಕ್ಕದಲ್ಲಿ ನಾನು. ಅಳಿಯ ಫೋಟೋಗಳನ್ನು ಪರದೆಗೆ ಹಾಕಿಕೊಡುವ ವ್ಯವಸ್ಥೆ ಮಾಡಿ ಮೇಲೆ ತನ್ನ ಮೀಟಿಂಗಿಗೆ ಓಡಿದ. ಪರದೆಯ ಮೇಲೆ ನಲವತ್ತು ಚೌಕ, ಚೌಕಕ್ಕೊಂದು ಬಿಳಿತಲೆ. ಬೀಗರು ಮೊದಲು ಎಲ್ಲರನ್ನೂ ಒಮ್ಮೆ ನೋಡಿ, "ಆ ಮೂಲೆಯವ್ರು ಸ್ವಲ್ಪ ಬೆಳಕಿಗೆ ಬರ್ಲಿ ಅನ್ನಿ" ಎಂದರು. ಅಂದೆ. ಬಂದರು. ಮಾತು ಶುರುವಾಯಿತು.

"ಇದು ಲೋಕಕ್ಕೇ ಮದ್ದು ಕೊಟ್ಟ ಊರು!"

"ದಿಸ್ ಟೌನ್ ಗಿವಿಂಗ್ ಪೌಡರ್ ಟು ಹೋಲ್ ವರ್ಲ್ಡ್" ಎಂದೆ. ಮುದುಕರು ತಲೆದೂಗಿದರು. ಅಬ್ಬ, ಇಂಗ್ಲಿಷಿನಲ್ಲೂ ಪೌಡರಿಗೆ ಎರಡು ಅರ್ಥ! ದೇವರು ದೊಡ್ಡವನು.

"ಎಷ್ಟೋ ಮನೆಗಳ ಸಂಕಟಾನ ಈ ಮದ್ದು ಒಂದೇ ಏಟಿಗೆ ನಿಲ್ಸೈತೆ!"

"ಮೆನಿ ಹೌಸಸ್, ಆಲ್ ಪೇನ್ ಸ್ಟಾಪ್. ಒನ್ ಶಾಟ್."

ಒಬ್ಬ ಮುದುಕರು ಕರ್ಚೀಫು ಬಾಯಿಗೆ ಒತ್ತಿಕೊಂಡರು. ಇನ್ನೊಬ್ಬರು ಇದು ಭಾರತೀಯರ ವ್ಯಂಗ್ಯ ಎಂದುಕೊಂಡು ಗಂಭೀರವಾಗಿ ಬರೆದುಕೊಂಡರು.

"ದೊಡ್ಡೋರಿಗೆ ಒಂದು ಚಿಟಿಕೆ, ಮಕ್ಕಳಿಗೆ ಅರ್ಧ, ಜೇನುತುಪ್ಪದಾಗೆ ಕಲ್ಸಿ!"

ಇದನ್ನು ಅನುವಾದ ಮಾಡುವ ಬದಲು ನಾನು ಕೆಮ್ಮಿದೆ. ಆ ಕಾಲದಲ್ಲಿ ಕೆಮ್ಮಿದವನನ್ನು ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ, ಝೂಮಿನಲ್ಲೂ!

ಹೀಗೆ ಅರ್ಧ ಗಂಟೆ ದಡ ಮುಟ್ಟಿಸಿದೆ. ಒಗೆಯುವ ಹೆಂಗಸರು ಬಂದರು, ಹಸು ಬಂತು, ಹಲಸಿನಕಾಯಿ ಅಂಗಡಿ ಬಂದು ಚಪ್ಪಾಳೆಯೂ ಬಿತ್ತು. ಕೊನೆಗೆ ಆ ಹದಿನಾಲ್ಕು ಜನರ ಫೋಟೋ. ನಾನೂ ಅದನ್ನು ಅಂದೇ ನೋಡಿದ್ದು. ಮೂರನೆಯವನಿಗೆ ಮುಖ ಬಂದಿತ್ತು. ಅಗಲ ಹಣೆ, ಸ್ವಲ್ಪ ಎಡಕ್ಕೆ ಓರೆಯಾದ ಗಲ್ಲ, ನಗಲು ಹೊರಟ ತುಟಿ. ಎಲ್ಲೋ ನೋಡಿದ ಮುಖ! ಪಕ್ಕದ ಚೌಕದಲ್ಲಿ ಕೂತಿದ್ದ ಅಜ್ಜಿಯ ಮುಖ ಕಂಡಾಗ ಹೊಳೆಯಿತು. ಗೋಡೆಯ ಬಳಿ ನಿಂತು ತಿಂಗಳುಗಟ್ಟಲೆ ನಮ್ಮ ಬೀಗರು ನೋಡುತ್ತಿದ್ದದ್ದು ಅದನ್ನು.

ಅಜ್ಜಿ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು. ಆಮೇಲೆ ಕನ್ನಡಕ ತೆಗೆದು ಮೆಲ್ಲಗೆ ಹೇಳಿದಳು: "ದಿ ಪೌಡರ್ ಟುಕ್ ಹಿಮ್."

ಮದ್ದು ಅವರನ್ನು ತೆಗೆದುಕೊಂಡು ಹೋಯಿತು. ಮಿಲ್ಲಿನಲ್ಲಿ ಒಂದು ಬೆಳಿಗ್ಗೆ ಮದ್ದು ಸಿಡಿದು, ಮನೆಗೆ ತಂದದ್ದು ಬರೀ ಒಂದು ಕಾಲಿನ ಜೋಡು ಎಂದು ಮುಂದುವರಿಸಿದಳು.

ಬೀಗರ ಕಿವಿಗೆ ಬಿದ್ದದ್ದು ಎರಡೇ ಪದ. ಅವರ ಮುಖ ದೀಪ ಹಚ್ಚಿದಂತಾಯಿತು. "ಪೌಡರ್ ತಗೊಂಡ್ರಂತಾ? ಕೇಳಿ ಬೀಗರೇ, ಕೇಳಿ! ವಾಸಿಯಾಯ್ತಂತಾ?"

ನಲವತ್ತು ಚೌಕಗಳು ನನ್ನನ್ನೇ ನೋಡುತ್ತಿದ್ದವು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೀಗರು ನಗುಮುಖದಿಂದ ಉತ್ತರಕ್ಕೆ ಕಾಯುತ್ತಿದ್ದರು. ಈ ಸಲ ಕೆಮ್ಮಿ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಬೀಗರೇ" ಎಂದೆ, "ಅದು ಔಷಧಿ ಮದ್ದಲ್ಲ. ಬಂದೂಕಿನ ಮದ್ದು. ಅವತ್ತು ನನಗೆ ಗೊತ್ತಿತ್ತು. ಬೇಕೂಂತಲೇ ಹೇಳಲಿಲ್ಲ. ಆಲ್ಬಮ್ಮಿನ ಹೊಟ್ಟೆಕಿಚ್ಚು. ಇವರ ತಾತ ಅದೇ ಮದ್ದು ಸಿಡಿದು ಸತ್ತದ್ದು. ತಪ್ಪಾಯ್ತು."

ನಲವತ್ತು ಜನರ ಎದುರು, ಒಬ್ಬರಿಗೂ ಅರ್ಥವಾಗದ ಭಾಷೆಯಲ್ಲಿ ನಾನು ತಪ್ಪೊಪ್ಪಿಕೊಂಡದ್ದು ಹೀಗೆ. ಅವರು ಇದೂ ಭಾಷಣದ ಭಾಗವೆಂದುಕೊಂಡು ಶ್ರದ್ಧೆಯಿಂದ ಕೇಳಿದರು.

ಬೀಗರ ನಗು ಒಮ್ಮೆಗೇ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅವರು ನನ್ನ ಕಡೆ ತಿರುಗಲಿಲ್ಲ. ಫೋಟೋವನ್ನೇ ನೋಡಿದರು. ಜೇಬಿಲ್ಲದ ಅಂಗಿಗಳ ಮೇಲೆ ಅವರ ಬೆರಳು ಒಂದು ಸುತ್ತು ಹೋಗಿ ಬಂತು. ಆಮೇಲೆ ನಿಧಾನವಾಗಿ, "ಹೇಳಿ ಅವ್ರಿಗೆ" ಎಂದರು. "ಇನ್ನು ಹದಿಮೂರು ಜನಾನೂ ಕ್ಯಾಮೆರಾಕ್ಕೆ ಹೆದ್ರಿ ಉಸ್ರು ಕಟ್ಟಿ ನಿಂತವ್ರೆ. ನಿಮ್ಮ ತಾತ ಒಬ್ರೇ ಅಲ್ಲಾಡಿದ್ದು. ಯಾಕಂದ್ರೆ ಪಕ್ಕದೋನಿಗೆ ಏನೋ ತಮಾಷೆ ಹೇಳ್ತಾವ್ರೆ. ಆ ಪಕ್ಕದೋನು ತುಟಿ ಕಚ್ಕೊಂಡವ್ನೆ ನೋಡಿ, ನಗು ತಡೀಲಾರ್ದೆ. ನಗಿಸೋ ಮನುಷ್ಯ ಅಂತ ಹೇಳಿ."

ಈ ಸಲ ಒಂದಕ್ಷರವನ್ನೂ ಬಿಡದೆ ಹೇಳಿದೆ. ನನ್ನ ಇಂಗ್ಲಿಷು ಎಲ್ಲಿಂದ ಬಂತೋ! ಅಜ್ಜಿ ಅಳುತ್ತಲೇ ನಕ್ಕಳು.

ಲ್ಯಾಪ್‌ಟಾಪು ಮುಚ್ಚಿದ ಮೇಲೆ ಬೀಗರು ಕುಂಚ ತೊಳೆದರು, ಕೋಟು ಮಡಿಸಿದರು. ಸಂಜೆ ಕಾಫಿಯ ಹೊತ್ತಿಗೆ ನನ್ನಿಂದ ತಡೆಯಲಾಗದೆ ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಹಾರಿ ಹಿಂದಕ್ಕೆ ನಿಂತರು.

"ಏಳಿ, ಏಳಿ! ಬೀಗರು ಬೀಗರ ಕಾಲಿಗೆ ಬೀಳ್ತಾರಾ? ಊರೋರು ಏನಂದಾರು?"

"ಈ ಊರಲ್ಲಿ ಯಾರು ಏನು ಅಂತಾರೆ ಬೀಗರೇ?"

"ಅದೂ ಹೌದು" ಎಂದು ಕೂತರು. ಲೋಟ ಕೆಳಗಿಟ್ಟು, "ಒಂದು ಮಾತು" ಎಂದರು. "ಇದನ್ನ ನಮ್ಮ ಸೊಸೇಗೆ ಹೇಳ್ಬ್ಯಾಡಿ."

"ಅವಳಿಗೆ ಏನು ಇದರಿಂದ?"

"ಬೆಳಿಗ್ಗೆ ಆರೂವರೆಗೆ ಡ್ಯೂಟಿಗೆ ಹೊರಡ್ತದಲ್ಲ ಮಗು, ಬಾಗ್ಲಾಗೆ ಒಂದು ಗಳಿಗೆ ನಿಂತ್ಕಳ್ತದೆ. ಕೈ ನಡುಗ್ತಿರ್ತದೆ ಬೀಗರೇ, ಕಾರಿನ ಬೀಗದಕೈ ಸದ್ದು ಮಾಡ್ತದೆ. ಆ ವಾರ್ಡಿಗೆ ಹೋಗ್ಬೇಕಲ್ಲ. ನಾನು ದಿನಾ ಎದ್ದು ಹೇಳ್ತಿದ್ದೆ, 'ಮದ್ದಿನ ಊರು ಕಣಮ್ಮ ಇದು, ಇಲ್ಲಿ ನಿಂಗೇನೂ ಆಗಲ್ಲ, ಹೋಗಿ ಬಾ' ಅಂತ. ನಕ್ಕೊಂಡು ಹೋಗ್ತಿತ್ತು. ಈಗ ಏನಂತ ಹೇಳ್ಲಿ?"

ಇಲ್ಲಿಯವರೆಗೆ ಬರೆದದ್ದು ಚಿಕ್ಕ ತಪ್ಪು. ದೊಡ್ಡದು ಇದು. ಆರೂವರೆಗೆ ನಾನೂ ಎಚ್ಚರವಾಗಿಯೇ ಇರುತ್ತಿದ್ದೆ. ಒಂದು ವರ್ಷ, ದಿನಾ. ಮಗಳು ಮೆಟ್ಟಿಲಿಳಿಯುವುದು, ಕೆಳಗೆ ಬಾಗಿಲು ತೆರೆಯುವುದು, ಕಾರು ಹೊರಡುವುದು, ಎಲ್ಲ ಕೇಳಿಸುತ್ತಿತ್ತು. ಅವಳು ಹೋಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಕಂಬಳಿ ತಲೆಯ ಮೇಲೆಳೆದುಕೊಂಡು ನಿದ್ದೆ ನಟಿಸುತ್ತಿದ್ದೆ. ಕಂಬಳಿಯ ಸಂದಿಯಿಂದ ಆಚೆ ಮಂಚ ಖಾಲಿಯಿರುತ್ತಿದ್ದದ್ದು ಕಾಣುತ್ತಿತ್ತು. ಬೀಗರು ಬಚ್ಚಲಿಗೆ ಹೋಗಿರಬೇಕೆಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದು ಸುಲಭವಾಗಿತ್ತು. ಹೆತ್ತವನು ಕಂಬಳಿಯೊಳಗಿದ್ದ, ಬಾಗಿಲಲ್ಲಿ ನಿಂತದ್ದು ನಾನು ವರ್ಷವಿಡೀ ಗೇಲಿ ಮಾಡಿದ ಮನುಷ್ಯ.

ಮರುದಿನ ಬೀಗರ ಮಂಚ ಕಿರುಗುಟ್ಟಿದಾಗ ನಾನೂ ಎದ್ದೆ. ಇಬ್ಬರೂ ಮಂಕಿಕ್ಯಾಪು ಹಾಕಿಕೊಂಡು ಕೆಳಗಿಳಿದೆವು. ಮಗಳು ಬೂಟು ಹಾಕಿಕೊಳ್ಳುತ್ತಿದ್ದಳು. ತಲೆಯೆತ್ತಿ, "ಅಪ್ಪಾ! ನೀವ್ಯಾಕೆ ಎದ್ರಿ? ಏನಾಯ್ತು?" ಎಂದು ಗಾಬರಿಯಾದಳು.

"ಏನಿಲ್ಲಮ್ಮ, ಸುಮ್ಮನೆ" ಎಂದೆ.

ಬಾಗಿಲು ತೆರೆಯಿತು. ಹೊರಗೆ ತಣ್ಣನೆ ಸೋನೆ. ಅವಳು ಹೊಸಿಲಿನಲ್ಲಿ ನಿಂತಳು. ಬೀಗದಕೈಯ ಸದ್ದು ನನಗೂ ಕೇಳಿಸಿತು. ಬೀಗರು ಬಾಯಿ ತೆರೆದರು, ಮುಚ್ಚಿದರು, ಇನ್ನೊಮ್ಮೆ ತೆರೆದರು. ಅಂಥ ಮಾತುಗಾರ, ನನ್ನ ದೆಸೆಯಿಂದ ಮೂಗನಾಗಿ ನಿಂತಿದ್ದರು.

"ಮದ್ದಿನ ಊರು ಕಣಮ್ಮ ಇದು" ಎಂದೆ. ಸ್ವರ ನನ್ನದೇ ಹೌದೋ ಅಲ್ಲವೋ ತಿಳಿಯಲಿಲ್ಲ. "ನಿಂಗೇನೂ ಆಗಲ್ಲ. ಹೋಗಿ ಬಾ."

ಅವಳು ನನ್ನನ್ನು ನೋಡಿದಳು, ಮಾವನನ್ನು ನೋಡಿದಳು. "ಗೊತ್ತಪ್ಪ" ಎಂದಳು. ಏನು ಗೊತ್ತು ಎಂದು ನಾನು ಕೇಳಲಿಲ್ಲ.

ಆ ಮನೆಯ ಬಾಗಿಲು ಬಲು ಕಿರಿದು, ಒಬ್ಬರು ನಿಂತರೆ ಇನ್ನೊಬ್ಬರಿಗೆ ಹೊರಗೆ ಏನೂ ಕಾಣದು. ಕಾರು ತಿರುವಿನತ್ತ ಹೋಗುತ್ತಿದ್ದಾಗ ಬೀಗರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಗೋಡೆಗೆ ಒತ್ತಿ ನಿಂತು, ನನಗೆ ಜಾಗ ಬಿಟ್ಟರು.